ಕುದುರೆ ಹೋಗದ ಸರೋವರ

ಲೈಲ್ ಪ್ರೂಯಿಟ್ ನಡೆದದ್ದನ್ನು ಆ ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಲಾಯದಿಂದ ಊಟದ ಮನೆಗೆ, ಊಟದ ಮನೆಯಿಂದ ತನ್ನ ಮಂಚಕ್ಕೆ ಹೋಗುವುದನ್ನೂ ನಡಿಗೆ ಎನ್ನುವವರು ಬೇಕಾದರೆ ಎನ್ನಲಿ. ಗೇಟಿನ ಬಳಿಯ ಅಂಚೆಪೆಟ್ಟಿಗೆ ನೋಡಿಬರುವುದಕ್ಕೂ ಕುದುರೆಗೆ ಜೀನು ಬಿಗಿಯುವ ಆಸಾಮಿ ಅವನು. ಕಾಲುಗಳೂ ಅದಕ್ಕೇ ಒಗ್ಗಿಹೋಗಿ, ಸುಮ್ಮನೆ ನಿಂತಾಗಲೂ ನಡುವೆ ಒಂದು ಕುದುರೆ ಇರುವಂತೆ ಬಾಗಿದ್ದವು. "ಮನುಷ್ಯನಿಗೆ ಎರಡು ಕಾಲು ಯಾಕೆ ಕೊಟ್ಟಿದ್ದು ಹೇಳಿ? ಕುದುರೆಯ ಆ ಕಡೆಗೊಂದು, ಈ ಕಡೆಗೊಂದು ಇರ್ಲಿ ಅಂತ," ಎಂದು ಅವನು ಪ್ರವಾಸಿಗಳಿಗೆ ಹೇಳುತ್ತಿದ್ದ.

ಟೀಟಾನ್ ಬೆಟ್ಟಗಳ ಬುಡದಲ್ಲಿರುವ ಫೇ ಹಾಲೊವೆ ಎಂಬಾಕೆಯ ಕುದುರೆ ರ‍್ಯಾಂಚಿಗೆ ಅವನು ಪ್ರತಿ ಬೇಸಿಗೆ ಬರುತ್ತಿದ್ದ. ಪಟ್ಟಣದ ಜನರನ್ನು ಕುದುರೆ ಮೇಲೆ ಕೂರಿಸಿ, ಸಾಲಾಗಿ ಕಾಡಿಗೆ ಕರೆದೊಯ್ದು, ಬಿದ್ದವರನ್ನು ಮತ್ತೆ ಎತ್ತಿ ಕೂರಿಸಿ ವಾಪಸು ತರುವುದು ಕೆಲಸ. ಹಿಮ ಬೀಳುವ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಅರಿಜೋನಾಕ್ಕೆ ಹೋದರೆ ಅಲ್ಲಿಯೂ ಅದೇ ಕೆಲಸ. ಜೊತೆಗೆ ದುಡಿಯುವ ಉಳಿದವರೆಲ್ಲ ಕಾಲೇಜಿನವರು. ಅವರು ಬರುತ್ತಿದ್ದುದೇ ರಜೆಯ ದಿನಕ್ಕೋಸ್ಕರ. ವಾರದ ರಜೆ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಬೆಟ್ಟ ಹತ್ತಬೇಕು, ರಾಷ್ಟ್ರೀಯ ಉದ್ಯಾನದ ಮೂಲೆಮೂಲೆ ಸುತ್ತಬೇಕು, ಬಿಸಿಲಿಗೆ ಸುಟ್ಟ ಮೂಗು ಹೊತ್ತು ಬಂದು ಮರುದಿನ ಕೆಲಸದಲ್ಲಿ ತೂಕಡಿಸಬೇಕು. ಲೈಲ್ ತನ್ನ ರಜೆಯಲ್ಲಿ ಬಟ್ಟೆ ಒಗೆಯುತ್ತಿದ್ದ, ಅದು ಒಣಗುವವರೆಗೆ ಪಕ್ಕದಲ್ಲಿ ಕೂರುತ್ತಿದ್ದ, ಒಣಗಿದ ಮೇಲೆ ಪೇಟೆಯ ಬಾರಿನಲ್ಲಿ ಕೂರುತ್ತಿದ್ದ.

ಆದರೆ ಬಾಯಿ ಮಾತ್ರ ಕಾಲಿನ ಹಾಗಲ್ಲ, ಎಲ್ಲೆಲ್ಲೂ ಹೋಗಿಬರುತ್ತಿತ್ತು. ಮಂಗಳವಾರ ರಾತ್ರಿ ಪ್ರವಾಸಿಗಳಿಗೆ ಬೆಂಕಿ ಹಾಕಿ, ಮಾಂಸ ಸುಟ್ಟು, ಕಥೆ ಹೇಳುವ ಪದ್ಧತಿ. ಆಗ ಲೈಲ್ ತಪ್ಪದೆ ಟಿನ್‌ಕಪ್ ಸರೋವರದ ವಿಷಯ ತೆಗೆಯುತ್ತಿದ್ದ. ಮೋಡದ ಪಕ್ಕದಲ್ಲೇ ಇರುವ ಸರೋವರ, ನಡುವೆ ಹಸು ಮಲಗಿದಂಥ ಒಂದು ಬಂಡೆ, ಸಂಜೆಗೆ ಈಜಿಕೊಂಡು ಬಂದು ಆ ಬಂಡೆಗೆ ಮೈ ಉಜ್ಜುವ ಕಡವೆ, ಕಾಲು ಇಳಿಬಿಟ್ಟರೆ ಬೆರಳಿಗೆ ಮುತ್ತಿಡುವ ಮೀನು. ಕೇಳುವವರ ಬಾಯಲ್ಲಿ ಮಾಂಸ ತಣ್ಣಗಾಗುತ್ತಿತ್ತು.

ಸತ್ಯ ಏನೆಂದರೆ, ಲೈಲ್ ಆ ಸರೋವರವನ್ನು ಕಣ್ಣಲ್ಲಿ ಕಂಡಿರಲಿಲ್ಲ. ಸರೋವರದ ದಾರಿಯ ಅರ್ಧದಲ್ಲಿ ಉದ್ಯಾನದವರು ಒಂದು ಕಂಬ ನೆಟ್ಟು, ಇಲ್ಲಿಂದ ಮುಂದೆ ಕುದುರೆಗೆ ಪ್ರವೇಶವಿಲ್ಲ ಎಂದು ಬರೆದಿದ್ದರು. ಅಲ್ಲಿಂದಾಚೆ ಲೈಲ್‌ಗೂ ಪ್ರವೇಶವಿಲ್ಲ ಎಂದೇ ಅದರ ಅರ್ಥ. ಆ ಕಂಬಕ್ಕೆ ಅವನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ. ತೋರಿಸಿ ಅಂತ ಯಾರೂ ಅವನನ್ನು ಕೇಳುವ ಹಾಗಿರಲಿಲ್ಲವಲ್ಲ.

ಹೀಗಿರುವಾಗ ಆ ವರ್ಷ ಅಡಿಗೆಮನೆಗೆ ಆರ್ಡಿತ್ ಬಂದಳು. ನೆಬ್ರಾಸ್ಕಾದ ಕಡೆಯವಳು, ಗಂಡ ತೀರಿಹೋಗಿದ್ದ, ಮಾತು ಕಡಿಮೆ. ಹಿಂದಿನ ಅಡಿಗೆಯವನು ಸುಟ್ಟ ಬಿಸ್ಕತ್ತನ್ನು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದರು. ಇವಳ ಬಿಸ್ಕತ್ತಿಗಾಗಿ ಕಾಲೇಜಿನವರು ಪರಸ್ಪರ ಕಾಲರ್ ಹಿಡಿಯುತ್ತಿದ್ದರು. ಲೈಲ್ ಬೆಳಗಿನ ಕಾಫಿಯನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕುಡಿಯಲು ಶುರುಮಾಡಿದ. ನಿಂತುಕೊಂಡು. ಅದನ್ನು ಕಂಡೇ ಫೇಗೆ ವಿಷಯ ಅರ್ಥವಾಗಿಹೋಗಿತ್ತು.

ಆಗಸ್ಟ್ ಮುಗಿಯುತ್ತ ಬಂದಾಗ ಫೇ ಕೇಳಿದಳು: "ಆರ್ಡಿತ್, ಮುಂದಿನ ಬೇಸಿಗೆಗೂ ಬರ್ತೀಯ ತಾನೆ?"

"ನನ್ ತಂಗಿ ನೆಬ್ರಾಸ್ಕಾದಲ್ಲಿ ಹೋಟ್ಲು ಹಾಕಿದಾಳೆ. ಬಂದು ಅಲ್ಲೇ ಇದ್ಬಿಡು ಅಂತಿದಾಳೆ," ಎಂದಳು ಆರ್ಡಿತ್. "ಬುಧವಾರ ರಜೆ ಅಲ್ವಾ, ಟಿನ್‌ಕಪ್ ಸರೋವರಕ್ಕೆ ಒಬ್ಳೇ ಹೋಗಿ, ಯೋಚನೆ ಮಾಡ್ಕೊಂಡು ಬಂದು ಹೇಳ್ತೀನಿ."

"ಒಬ್ಳೇನಾ? ಕರಡಿ ಓಡಾಡೋ ಜಾಗ ಕಣೇ. ಲೈಲ್ ಕರ್ಕೊಂಡು ಹೋಗ್ತಾನೆ ಬಿಡು. ಅವನಿಗೆ ಆ ಜಾಗ ಅಂಗೈ ಇದ್ದ ಹಾಗೆ."

"ಹೌದಾ," ಎಂದಳು ಆರ್ಡಿತ್. ಅವಳ ಮುಖ ಸ್ವಲ್ಪ ಇಳಿಯಿತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಲೈಲ್ ಅದನ್ನು ನಾಚಿಕೆ ಎಂದುಕೊಂಡ. ಗಂಡಸರು ಇಂಥದ್ದನ್ನೆಲ್ಲ ತಮಗೆ ಅನುಕೂಲವಾಗುವ ಹಾಗೇ ಓದಿಕೊಳ್ಳುತ್ತಾರೆ.

ಅಂದು ರಾತ್ರಿ ಮಲಗುವ ಮನೆಯಲ್ಲಿ ಕಾಲೇಜಿನವರು ಅವನ ಮಂಚವನ್ನು ಸುತ್ತುಗಟ್ಟಿದರು. "ಲೈಲ್ ಅಣ್ಣಾ, ಆರ್ಡಿತ್ ಅವರು ಹೋದ್ರೆ ಮುಂದಿನ ವರ್ಷ ನಿನ್ನನ್ನೇ ಬೇಯಿಸ್ಕೊಂಡು ತಿಂತೀವಿ," ಎಂದಳು ಅವರಲ್ಲಿ ಒಬ್ಬಳು. "ಆ ಸರೋವರ ನೀನು ಹೇಳಿದಷ್ಟು ಚೆನ್ನಾಗಿದ್ರೆ ಖಂಡಿತ ಇರ್ತಾರೆ. ಹಾಗೇ ಇದೆ ತಾನೆ?"

"ಅದಕ್ಕಿಂತ ಚೆನ್ನಾಗಿದೆ," ಎಂದು ಲೈಲ್ ಗೋಡೆಯ ಕಡೆ ತಿರುಗಿ ಮಲಗಿದ. ನಿದ್ದೆ ಬರಲಿಲ್ಲ. ಹಸುವಿನ ಬಂಡೆ ಇಲ್ಲದಿದ್ದರೆ? ಸರೋವರವೇ ಬತ್ತಿಹೋಗಿದ್ದರೆ? ಆರ್ಡಿತ್ ಬಸ್ಸು ಹತ್ತಿ ನೆಬ್ರಾಸ್ಕಾಕ್ಕೆ ಹೋಗುವುದು ಕಣ್ಣ ಮುಂದೆ ಬಂತು, ಅವನಿಗೆ ನಿಜವಾಗಿ ಸಂಕಟವಾಯಿತು. ಬಿಸ್ಕತ್ತಿನ ಸಂಕಟ ಅಲ್ಲ ಅದು.

ಬುಧವಾರ ಬೆಳಗ್ಗೆ ಇಬ್ಬರೂ ಹೊರಟರು. ಆರ್ಡಿತ್ ಹಳೆಯ ನಡಿಗೆ ಬೂಟು ಹಾಕಿ, ಕರಡಿಗೆ ಹೊಡೆಯುವ ಸ್ಪ್ರೇಯನ್ನು ಸೊಂಟಕ್ಕೆ ಸೌಟಿನಂತೆ ಸಿಕ್ಕಿಸಿ, ಬೆನ್ನ ಮೇಲೆ ಬುತ್ತಿ ಹೊತ್ತಿದ್ದಳು. ಲೈಲ್ ಎಂದಿನ ಸವಾರಿ ಬೂಟಿನಲ್ಲಿದ್ದ. ಚೂಪು ಮೂತಿ, ಎತ್ತರದ ಹಿಮ್ಮಡಿ, ಜೀನಿನ ಪಕ್ಕದಲ್ಲಿ ಕಾಲಿಡುವ ರಿಕಾಪಿನಲ್ಲಿ ಜಾರದಿರಲೆಂದೇ ಮಾಡಿದ್ದು. ಬೇರೆ ಬೂಟು ಅವನ ಬಳಿ ಇರಲಿಲ್ಲ, ಇದ್ದಿದ್ದರೂ ಹಾಕುತ್ತಿರಲಿಲ್ಲ.

"ಅದ್ರಲ್ಲಿ ನಡಿಯೋಕಾಗುತ್ತಾ ನಿಮ್ಗೆ?" ಎಂದು ಕೇಳಿದಳು.

"ಇದ್ರಲ್ಲೇ ಅಲ್ವಾ ಇಷ್ಟು ದಿನ ಹೋಗಿದ್ದು," ಎಂದ ಲೈಲ್. ಸುಳ್ಳಲ್ಲ. ಎಲ್ಲಿಗೆ ಅಂತ ಹೇಳಲಿಲ್ಲ ಅಷ್ಟೆ.

ಮೊದಲ ಏರು ಮುಗಿಯುವುದರಲ್ಲಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ನೋವು ಮುಚ್ಚಿಕೊಳ್ಳಲು ಅವನಿಗೆ ಗೊತ್ತಿದ್ದ ಔಷಧ ಒಂದೇ, ಮಾತು. "ಈ ತಿರುವು ದಾಟಿದ್ರೆ ಒಂದು ಝರಿ ಬರುತ್ತೆ ನೋಡಿ. ಆಮೇಲೆ ಹೂವಿನ ಬಯಲು. ಆಮೇಲೆ ಒಂದು ಸೀಳು ಬಂಡೆ." ಕೆಳಗಿನ ಈ ಅರ್ಧ ದಾರಿ ಅವನಿಗೆ ಚೆನ್ನಾಗಿಯೇ ಗೊತ್ತು, ದಿನಾ ಪ್ರವಾಸಿಗಳನ್ನು ತರುವ ದಾರಿ. ಹೇಳಿದ್ದೆಲ್ಲ ಹೇಳಿದ ಹಾಗೇ ಬರುತ್ತಿತ್ತು. ಅವನಿಗೆ ಹುರುಪು ಏರಿದಷ್ಟೂ ಆರ್ಡಿತ್ ಮೌನವಾಗುತ್ತಿದ್ದಳು. ಝರಿಗೆ "ಹೂಂ" ಅಂದಳು, ಬಯಲಿಗೆ ತಲೆಯಾಡಿಸಿದಳು, ಬಂಡೆಗೆ ಏನೂ ಅನ್ನಲಿಲ್ಲ. ಪಾಪ, ಸುಸ್ತಾಗಿದೆ ಎಂದುಕೊಂಡು ಲೈಲ್ ಅವಳನ್ನು ಖುಷಿಪಡಿಸಲು ಇನ್ನೂ ಎರಡು ತಿರುವು ಮುಂದಿನದ್ದನ್ನೂ ಹೇಳಿಬಿಟ್ಟ.

ಅಷ್ಟರಲ್ಲಿ ಮೇಲಿನಿಂದ ಗೊರಸಿನ ಸದ್ದು ಕೇಳಿತು. ಲೈಲ್ ಕಲ್ಲಾಗಿ ನಿಂತ. ಸದ್ದಿನಲ್ಲೇ ಅವನಿಗೆ ತಿಳಿಯಿತು, ಬರುತ್ತಿರುವುದು ಹೊಳೆಯಾಚೆಯ ರ‍್ಯಾಂಚಿನ ಸಾಲು, ಮುಂದೆ ಇರುವವನು ಡ್ವೇನ್. ಕಣಿವೆಯ ಸುದ್ದಿಯನ್ನೆಲ್ಲ ಸಂಜೆಯೊಳಗೆ ಬಾರಿಗೆ ಮುಟ್ಟಿಸುವ ಡ್ವೇನ್. ಅವನ ಕಣ್ಣಿಗೆ, ಲೈಲ್ ಪ್ರೂಯಿಟ್, ಕಾಲ್ನಡಿಗೆಯಲ್ಲಿ.

"ಒಂದ್ನಿಮಿಷ, ಬೂಟಿನ... ಅದು..." ಎಂದು ಏನೋ ಗೊಣಗಿ ಅವನು ಒಂದು ದಪ್ಪ ಫರ್ ಮರದ ಹಿಂದೆ ಸೇರಿಕೊಂಡ.

ಈಗ ನೋಡಿ, ಎಲ್ಲ ಬೇಸಿಗೆಯಲ್ಲೂ ನಡೆದು ಬರುವವರಿಗೆ ಲೈಲ್ ಬಾಯಿ ಹರಿದುಹೋಗುವಷ್ಟು ಹೇಳಿದ್ದ ಬುದ್ಧಿಮಾತು ಒಂದೇ: ಕುದುರೆ ಬಂದರೆ ದಾರಿಯ ಕೆಳಬದಿಗೆ ಸರಿದು, ಕಾಣುವ ಹಾಗೆ ನಿಂತು, ಮಾತಾಡುತ್ತಿರಿ. ಮಾತಾಡಿದರೆ ಮನುಷ್ಯ ಎಂದು ಕುದುರೆಗೆ ತಿಳಿಯುತ್ತದೆ. ಮರದ ಹಿಂದೆ ಅಡಗಿದರೆ ಅದು ಹೊಂಚುಹಾಕಿದ ಬೆಟ್ಟದ ಸಿಂಹ, ಅಂದರೆ ಇಲ್ಲಿಯ ಚಿರತೆ, ಎಂದುಕೊಳ್ಳುತ್ತದೆ, ಆಮೇಲೆ ಮೇಲೆ ಕೂತವರ ಗತಿ ದೇವರಿಗೇ ಪ್ರೀತಿ. ಆರ್ಡಿತ್ ಆ ಮಾತನ್ನು ಮೊದಲ ವಾರವೇ ಕೇಳಿದ್ದಳು. ಅವಳು ಕೆಳಬದಿಗೆ ಸರಿದು ನಿಂತು, "ನಮಸ್ಕಾರ, ಒಳ್ಳೇ ಬಿಸಿಲು," ಎಂದು ಕುದುರೆಗಳನ್ನು ಮಾತಾಡಿಸುತ್ತಿದ್ದಳು.

ಡ್ವೇನನ ಕುದುರೆ ದಾಟಿತು. ಎರಡನೆಯದು ದಾಟಲಿಲ್ಲ. ಅದರ ಕಿವಿಗಳೆರಡೂ ಫರ್ ಮರದ ಕಡೆ ನೆಟ್ಟಗಾದವು, ಮೂಗಿನ ಹೊಳ್ಳೆ ಅರಳಿತು. ಮೇಲೆ ಕೂತಿದ್ದ ಹಣ್ಣುಮುದುಕಿ ಲಗಾಮನ್ನು ಕೈಚೀಲದ ಹಾಗೆ ಹಿಡಿದಿದ್ದಳು. ಲೈಲ್ ಕೊಂಬೆಗಳ ಸಂದಿಯಿಂದ ಆ ಕಿವಿಗಳನ್ನು ನೋಡಿದ. ಇನ್ನೊಂದು ಉಸಿರು ಕಳೆದರೆ ಕುದುರೆ ಸಿಡಿಯುತ್ತದೆ, ಮುದುಕಿ ಪ್ರಪಾತಕ್ಕೆ ಹೋಗುತ್ತಾಳೆ. ಮಾನವೋ ಮುದುಕಿಯೋ? ಅವನು ಸ್ವಲ್ಪ ಹೊತ್ತು ಯೋಚಿಸಿದ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

"ಓ ಮಗಾ, ನಾನೇ ಕಣೋ, ಸುಮ್ನಿರು, ನಾನೇ," ಎನ್ನುತ್ತ ಅವನು ಹೊರಬಂದು, ಕುಂಟುತ್ತ ಆರ್ಡಿತ್ ಪಕ್ಕಕ್ಕೆ ಇಳಿದು ನಿಂತ. ಕುದುರೆ ಉಸ್ಸೆಂದು ತಲೆ ತಗ್ಗಿಸಿತು.

ಡ್ವೇನ್ ಜೀನಿನ ಮೇಲೆ ಹಿಂದಕ್ಕೆ ತಿರುಗಿದ. "ಲೈಲ್? ಯಾರು ಸತ್ರೋ? ಕುದುರೆ ಎಲ್ಲೋ?"

"ರ‍್ಯಾಂಚಲ್ಲಿದೆ."

"ಮತ್ತೆ ನೀನ್ಯಾಕೆ ಇಲ್ಲಿದೀಯ?"

"ನಡೀತಾ ಇದೀನಿ."

ಡ್ವೇನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಹೆಣ ಹೋಗುವಾಗ ಹಿಡಿಯುವ ಹಾಗೆ. ಆರ್ಡಿತ್ ಕಡೆ ನೋಡಿದ, ಮತ್ತೆ ಲೈಲ್ ಕಡೆ ನೋಡಿದ. "ಆಯ್ತಪ್ಪ. ಬಾರಲ್ಲಿ ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸ್ಬೇಡಿ ಅಂತ ಹೇಳ್ಲಾ, ಕೂರಿಸಿ ಅಂತ ಹೇಳ್ಲಾ?"

"ಹೋಗೋ ಮಾರಾಯ, ನಿನ್ನ ಮುದುಕಿ ಜಾರ್ತಿದಾಳೆ ನೋಡು," ಎಂದ ಲೈಲ್.

ಕುದುರೆಗಳು ಹೋದವು. ಆರ್ಡಿತ್ ತುಟಿ ಒಳಕ್ಕೆ ಎಳೆದುಕೊಂಡು ಎತ್ತಲೋ ನೋಡುತ್ತಿದ್ದಳು. ಮರದ ಹಿಂದೆ ಯಾಕೆ ಹೋದಿರಿ ಎಂದು ಕೇಳಲಿಲ್ಲ. ಅದು ಅವಳ ದೊಡ್ಡಗುಣ.

ಕುದುರೆಗೆ ಪ್ರವೇಶವಿಲ್ಲ ಎಂಬ ಕಂಬವೂ ಬಂತು, ಅದನ್ನೂ ದಾಟಿದರು. ಇನ್ನು ಮುಂದೆ ಲೈಲ್‌ಗೆ ತಿಳಿದಿದ್ದೇನೂ ಇಲ್ಲ. ಆದರೂ ಬಾಯಿ ನಿಲ್ಲಿಸಿದರೆ ಅನುಮಾನ ಬಂದೀತೆಂದು, "ಮುಂದೆ ಮರ ಬರುತ್ತೆ, ಆಮೇಲೆ ಕಲ್ಲು ಬರುತ್ತೆ," ಎಂದು ಎಲ್ಲ ಬೆಟ್ಟದಲ್ಲೂ ಇರುವುದನ್ನೇ ಭವಿಷ್ಯ ನುಡಿದ. ಸ್ವಲ್ಪ ದೂರಕ್ಕೆ ದಾರಿ ಎರಡಾಗಿ ಒಡೆಯಿತು. ಹಲಗೆಯೊಂದು ಇತ್ತು, ಹಿಮದ ಭಾರಕ್ಕೆ ಮುರಿದು ಮಕಾಡೆ ಬಿದ್ದು, ಅಕ್ಷರವೆಲ್ಲ ಅಳಿಸಿತ್ತು. ಲೈಲ್ ಅಲ್ಲಿ ನಿಂತ. ನಿಂತೇ ಇದ್ದ.

"ಯಾಕೆ, ಏನಾಯ್ತು?" ಎಂದಳು ಆರ್ಡಿತ್.

ಏನಾಗಿತ್ತೆಂದರೆ, ಕುದುರೆ ದಾರಿ ಆರಿಸಲಿ ಎಂದು ಅವನು ಕಾಯುತ್ತಿದ್ದ. ಇಷ್ಟು ವರ್ಷ ಕವಲಿನಲ್ಲಿ ತಿರುಗುತ್ತಿದ್ದದ್ದು ಕುದುರೆ; ಮೇಲೆ ಕೂತ ಲೈಲ್ ತಾನೇ ತಿರುಗಿಸಿದೆ ಎಂದುಕೊಂಡಿದ್ದ. ಈಗ ಕೆಳಗೆ ನೋಡಿದರೆ ತನ್ನವೇ ಎರಡು ಕಾಲು, ಅವಕ್ಕೆ ಏನೂ ಗೊತ್ತಿಲ್ಲ. ಕುದುರೆಯಾಗಿದ್ದರೆ ಏನು ಮಾಡುತ್ತಿತ್ತು? ಹೆಚ್ಚು ಸವೆದ ದಾರಿ ಹಿಡಿಯುತ್ತಿತ್ತು. ಎಡಗಡೆಯದು ಚೆನ್ನಾಗಿ ಸವೆದಿತ್ತು, ಬಲಗಡೆಯದು ಕಲ್ಲಿನ ನಡುವೆ ಮೇಕೆ ದಾರಿಯಂತಿತ್ತು.

"ಈ ಕಡೆ," ಎಂದು ಎಡಕ್ಕೆ ತಿರುಗಿದ. "ಇನ್ನೇನು ಬಂದ ಹಾಗೇ. ಈ ಮರಗಳು ಮುಗೀತಿದ್ದ ಹಾಗೆ ನಿಮ್ಮ ಕಣ್ಣಿಗೆ ಹಬ್ಬ. ಉಸಿರು ಬಿಗಿ ಹಿಡ್ಕೊಳ್ಳಿ."

ಮರಗಳು ಮುಗಿದವು. ಎದುರಿಗೆ ಹಲಗೆಯ ಒಂದು ಕಕ್ಕಸು ನಿಂತಿತ್ತು. ಬೆಟ್ಟದಲ್ಲಿ ಡೇರೆ ಹಾಕುವವರಿಗಾಗಿ ಉದ್ಯಾನದವರು ಕಟ್ಟಿಸಿದ್ದು. ದಾರಿ ಅಲ್ಲಿಗೆ ಬಂದು ಬಾಗಿಲಲ್ಲೇ ಮುಗಿಯುತ್ತಿತ್ತು. ಅಷ್ಟೊಂದು ಸವೆದದ್ದೇಕೆ ಎಂಬುದೂ ಈಗ ತಿಳಿಯಿತು. ಬಾಗಿಲು ಕಿರ್ರೆಂದು ತೆರೆದು ಗಡ್ಡದವನೊಬ್ಬ ಹೊರಬಂದ, ಇಬ್ಬರನ್ನೂ ನೋಡಿ, "ಖಾಲಿ ಇದೆ, ಹೋಗಿ," ಎಂದು ಸಭ್ಯವಾಗಿ ಹೇಳಿ ತನ್ನ ಡೇರೆಯ ಕಡೆ ನಡೆದ.

ಆರ್ಡಿತ್ ಕಕ್ಕಸನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದಳು. ಉಸಿರು ಬಿಗಿ ಹಿಡಿಯಲು ಹೇಳಿದ್ದು ಒಂದು ರೀತಿಯಲ್ಲಿ ಸರಿಯಾಗಿಯೇ ಇತ್ತು.

"ಹಸು ಮಲಗಿದ ಬಂಡೆ ಎಲ್ಲಿ, ಲೈಲ್?" ಎಂದಳು.

ಲೈಲ್ ಅಲ್ಲೇ ಒಂದು ಉರುಳಿದ ಮರದ ಮೇಲೆ ಕುಸಿದ. ಕಾಲು ಉರಿಯುತ್ತಿತ್ತು, ಮಾನ ಡ್ವೇನನ ಜೊತೆ ಆಗಲೇ ಕಣಿವೆಗೆ ಇಳಿದಿತ್ತು, ಹೇಳಲು ಇನ್ನೊಂದು ಸುಳ್ಳು ಹುಡುಕಿದರೆ ಸಿಗಲಿಲ್ಲ. ಹೇಗೂ ಇವಳು ಹೋಗುತ್ತಾಳೆ. ನಾನು ಸುಳ್ಳನೆಂದು ತಾನಾಗೇ ತಿಳಿದುಕೊಂಡು ಹೋಗುವುದಕ್ಕಿಂತ ನನ್ನ ಬಾಯಿಂದಲೇ ಕೇಳಿಕೊಂಡು ಹೋಗಲಿ ಎಂದುಕೊಂಡ.

"ನಾನು ಆ ಸರೋವರ ನೋಡೇ ಇಲ್ಲ ಕಣ್ರೀ," ಎಂದ. "ಒಂದ್ಸಲವೂ ಇಲ್ಲ. ಹಸು, ಕಡವೆ, ಮೀನು, ಎಲ್ಲಾ ಬಾಯಿಗೆ ಬಂದಿದ್ದು. ಇಲ್ಲಿಂದ ಎಲ್ಲಿಗೆ ಹೋಗ್ಬೇಕೋ, ಎಷ್ಟು ದೂರ ಇದೆಯೋ, ಮುಂದೆ ಏನ್ ಬರುತ್ತೋ, ನಂಗೊಂದೂ ಗೊತ್ತಿಲ್ಲ."

"ಒಂದೂ ಗೊತ್ತಿಲ್ವಾ?"

"ಒಂದೂ ಗೊತ್ತಿಲ್ಲ."

ಆರ್ಡಿತ್ ಬೆನ್ನಿನ ಚೀಲ ಇಳಿಸಿ ಅವನ ಪಕ್ಕದಲ್ಲಿ ಕೂತಳು. ಲೈಲ್ ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧನಾದ. ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಅವಳು ಸದ್ದಿಲ್ಲದೆ ನಗುತ್ತಿದ್ದಳು, ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು.

"ನಮ್ಮ ಯಜಮಾನ್ರು ಮರ್ಲ್ ಅಂತ," ಎಂದಳು ಕಣ್ಣೊರೆಸಿಕೊಂಡು. "ಒಳ್ಳೇ ಮನುಷ್ಯ, ಅವರ ಮೇಲೆ ಒಂದು ಮಾತು ಆಡೋ ಹಾಗಿಲ್ಲ. ಆದ್ರೆ ಎಲ್ಲಿಗೆ ಹೋಗ್ಲಿ, ಮೊದ್ಲೇ ಎಲ್ಲಾ ತಿಳ್ಕೊಂಡಿರೋರು. ಈ ತಿರುವಲ್ಲಿ ಜಲಪಾತ ಬರುತ್ತೆ ನೋಡು, ಆ ತಿರುವಲ್ಲಿ ಸೇತುವೆ ಬರುತ್ತೆ ನೋಡು. ಬರ್ತಿತ್ತು, ಬರ್ತಿರ್ಲಿಲ್ಲ ಅಂತಲ್ಲ. ಆದ್ರೆ ಅವರ ಜೊತೆ ಇದ್ದಷ್ಟು ವರ್ಷ ನಾನು ಏನನ್ನೂ ಮೊದಲ್ನೇ ಸಲ ನೋಡ್ಲೇ ಇಲ್ಲ ಲೈಲ್. ಈ ಬೇಸಿಗೆ ರಜಾದಲ್ಲೆಲ್ಲ ಒಬ್ಳೇ ಸುತ್ತಿದೀನಿ, ಎಂಥಾ ಸುಖ. ಇವತ್ತು ಬೆಳಗ್ಗೆ ನೀವು ಆ ಝರಿ ವಿಷಯ ಶುರು ಮಾಡಿದ್ರಲ್ಲ, ಆಗ್ಲೇ ನಾನು ಮನಸ್ಸಲ್ಲಿ ನೆಬ್ರಾಸ್ಕಾಕ್ಕೆ ಟಿಕೆಟ್ ತಗೊಂಡಾಗಿತ್ತು."

ಲೈಲ್ ಟೋಪಿಯನ್ನು ಹಿಂದಕ್ಕೆ ತಳ್ಳಿದ. "ಈಗ?"

"ಈಗ ಎದ್ದೇಳಿ. ಬಲಗಡೆ ದಾರಿ ನೋಡೋಣ. ಅಲ್ಲೂ ಕಕ್ಕಸೇ ಇದ್ರೆ ವಾಪಸ್ ಹೋಗೋಣ."

ಬಲಗಡೆಯ ದಾರಿಯಲ್ಲಿ ಲೈಲ್ ಬಾಯಿ ಬಿಡಲಿಲ್ಲ. ಹೇಳಲು ಏನೂ ಇರಲಿಲ್ಲವಲ್ಲ. ಅವನಿಗೇ ವಿಚಿತ್ರವೆನಿಸಿತು, ಮುಂದೇನು ಎಂದು ತಿಳಿಯದ ದಾರಿಯಲ್ಲಿ ಅವನು ಹೋಗಿ ಎಷ್ಟೋ ಕಾಲವಾಗಿತ್ತು. ಬಂಡೆಗಳ ನಡುವೆ ಏನೋ ಪ್ರಾಣಿ ಶಿಳ್ಳೆ ಹಾಕಿತು, ಇಬ್ಬರೂ ಒಟ್ಟಿಗೆ ಬೆಚ್ಚಿಬಿದ್ದರು, ಇಬ್ಬರೂ ಒಟ್ಟಿಗೆ ನಕ್ಕರು. ಕೊನೆಯ ಏರಿನ ಹತ್ತಿರ ಅವನು ಎರಡು ಮಾರು ಮುಂದಿದ್ದ. ಆಚೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು, ನೀರಿನ ವಾಸನೆ ಬಂತು. ಇನ್ನು ಎರಡು ಹೆಜ್ಜೆ ಇಟ್ಟರೆ ಕಾಣುತ್ತದೆ. ಎಷ್ಟೋ ವರ್ಷ ಹೇಳಿಕೊಂಡು ಬಂದದ್ದು ಹೇಗಿದೆಯೋ ನೋಡುವ ಆಸೆ ಅವನನ್ನು ಮುಂದಕ್ಕೆ ತಳ್ಳಿತು. ಆದರೂ ಅವನು ನಿಂತ.

"ನೀವು ಮೊದ್ಲು ಹೋಗಿ," ಎಂದ.

ಅವಳು ಅವನನ್ನು ಒಂದು ಸಲ ನೋಡಿ, ದಾಟಿ ಮೇಲೆ ಹೋದಳು. ಅವಳ ಬೆನ್ನು ಅಲ್ಲಾಡದೆ ನಿಂತುಬಿಟ್ಟಿತು. ಅವನು ಕಾದ. ಕರೆದ ಮೇಲೆ ಹೋದ.

ಸರೋವರ ಚಿಕ್ಕದು. ಬೂದುಬಣ್ಣದ ಬಂಡೆಗಳ ಬೊಗಸೆಯಲ್ಲಿ, ಒಂದು ಅಂಚಿಗೆ ಇನ್ನೂ ಕರಗದ ಹಿಮ ಅಂಟಿಕೊಂಡು, ಯಾರನ್ನೂ ಕೇಳದೆ ಸುಮ್ಮನೆ ಹಸಿರಾಗಿ ಇತ್ತು. ಹಸುವೂ ಇಲ್ಲ, ಕಡವೆಯೂ ಇಲ್ಲ. ಲೈಲ್ ಹೇಳುತ್ತಿದ್ದ ಯಾವ ಮಾತೂ ಅದಕ್ಕೆ ಹೊಂದುತ್ತಿರಲಿಲ್ಲ, ಹೊಸದಾಗಿ ಹೇಳೋಣವೆಂದರೆ ಮಾತೇ ಹೊರಡಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು, ಸ್ವಲ್ಪ ಅಳುವೂ ಬಂತು. ಟೋಪಿಯನ್ನು ಕಣ್ಣಿಗೆ ಎಳೆದುಕೊಂಡ.

ಹ್ಯಾಮ್ ಇಟ್ಟ ಬ್ರೆಡ್ಡು, ಕಾಡುಹಣ್ಣು ತುಂಬಿ ಬೇಯಿಸಿದ ಹಕಲ್‌ಬೆರಿ ಪೈ ತಿಂದರು. ಬೂಟು ಕಳಚಿ ಕಾಲು ನೀರಿಗಿಟ್ಟರೆ ಯಾವ ಮೀನೂ ಮುತ್ತಿಡಲಿಲ್ಲ, ಚಳಿ ಮಾತ್ರ ತಲೆಯವರೆಗೆ ಕಚ್ಚಿತು. ಹೊರಡುವ ಹೊತ್ತಿಗೆ ಅವನ ಪಾದ ಊದಿಕೊಂಡು ಬೂಟು ಏರಲಿಲ್ಲ. ಆರ್ಡಿತ್ ತನ್ನ ಎರಡು ಜೊತೆ ಉಣ್ಣೆ ಕಾಲುಚೀಲ ತೊಡಿಸಿ, ಮೇಲೆ ಬುತ್ತಿಯ ಬಟ್ಟೆ ಹರಿದು ಸುತ್ತಿ, ಕೋಳಿಯ ಕಾಲು ಕಟ್ಟಿ ಒಲೆಗಿಡುವವರ ನಾಜೂಕಿನಲ್ಲಿ ಗಂಟು ಹಾಕಿದಳು. ಹೀಗೆ ಕಣಿವೆಯ ಹಿರಿಯ ಸವಾರ, ಬೂಟುಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಹೂವಿನ ಚಿತ್ತಾರದ ಬಟ್ಟೆ ಕಾಲಿಗೆ ಸುತ್ತಿಕೊಂಡು, ಬೆಟ್ಟ ಇಳಿಯತೊಡಗಿದ. ಎದುರಿಗೆ ಬಂದವರಿಗೆಲ್ಲ ಅವನೇ ಮೊದಲು ನಮಸ್ಕಾರ ಹೇಳಿದ.

ನಡುದಾರಿಯಲ್ಲಿ ಆರ್ಡಿತ್ ನಿಂತು ಉತ್ತರದ ಕಡೆಯ ಬೆಟ್ಟದ ಸಾಲನ್ನು ತೋರಿಸಿದಳು. "ಅದರ ಹಿಂದೆ ಇನ್ನೊಂದು ಸರೋವರ ಇದೆಯಂತೆ. ಒಂದು ರಾತ್ರಿ ಡೇರೆ ಹಾಕ್ಬೇಕಂತೆ. ಈ ವರ್ಷ ಇನ್ನಾಗಲ್ಲ, ಹಿಮ ಬಂದ್ಬಿಡುತ್ತೆ. ಮುಂದಿನ ಬೇಸಿಗೆ ನೋಡ್ಬೇಕು." ಮುಂದಿನ ಬೇಸಿಗೆ ಎಂಬುದನ್ನು ಅವಳು ಉಪ್ಪಿನ ಡಬ್ಬಿ ಇತ್ತ ಕೊಡಿ ಅನ್ನುವಷ್ಟು ಸಲೀಸಾಗಿ ಅಂದಳು. ಆಮೇಲೆ ಏನೋ ಅನುಮಾನ ಬಂದವಳಂತೆ ಅವನ ಕಡೆ ತಿರುಗಿದಳು. "ನಿಮ್ಗೆ ಆ ದಾರಿ ಗೊತ್ತಾ?"

ಗೊತ್ತಿತ್ತು. ಅಲ್ಲಿಗೆ ಕುದುರೆ ಬಿಡುತ್ತಾರೆ. ಹೇಸರಗತ್ತೆಗಳ ಮೇಲೆ ಪ್ರವಾಸಿಗಳ ಡೇರೆ, ಪಾತ್ರೆ ಹೇರಿಕೊಂಡು ಅವನು ಅಲ್ಲಿಗೆ ಹೋಗದ ಬೇಸಿಗೆಯೇ ಇಲ್ಲ. ಹೊಳೆಯನ್ನು ಎಲ್ಲಿ ದಾಟಬೇಕು, ಯಾವ ಸಂದಿಯಲ್ಲಿ ಗಾಳಿ ಟೋಪಿ ಹಾರಿಸುತ್ತದೆ, ಯಾವ ತಿರುವಿನಲ್ಲಿ ನೀರು ಮೊದಲು ಇಣುಕುತ್ತದೆ, ಎಲ್ಲವೂ ಗೊತ್ತಿತ್ತು. ಅಲ್ಲಿ ನಿಜವಾಗಿಯೂ ಕಡವೆಗಳು ಈಜುತ್ತಿದ್ದವು. ನಿಜವಾಗಿ ಕಂಡ ಸರೋವರವೊಂದರ ಬಗ್ಗೆ ಅವನನ್ನು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಲೈಲ್‌ನ ಬಾಯಿ ತೆರೆಯಿತು. ತೆರೆದ ಬಾಯಿಯನ್ನು ಅವನು ಬಹಳ ಕಷ್ಟಪಟ್ಟು ಮುಚ್ಚಿದ.

"ಗೊತ್ತಿಲ್ಲ," ಎಂದ.